ವಾಡೆಯ ಬಂದೂಕು, ನಳಿಗೆಯ ಮುದ್ರೆ

ಬಂದೂಕಿನ ನಳಿಗೆಯನ್ನು ಒಮ್ಮೆ ಪರೀಕ್ಷೆಗೆ ಒಡ್ಡಲಾಗಿದೆ, ಅದು ಒಡೆಯದೆ ಉಳಿದಿದೆ ಎಂಬುದಕ್ಕೆ ಉಕ್ಕಿನ ಅಚ್ಚಿನಿಂದ ಹೊಡೆದ ಗುರುತಿಗೆ ಪ್ರೂಫ್ ಮುದ್ರೆ ಎನ್ನುತ್ತಾರೆ. ಹೊಸ ನಳಿಗೆಗೆ ವಾಡಿಕೆಗಿಂತ ಹೆಚ್ಚು ಮದ್ದು ಜಡಿದು, ಗುಂಡು ಕೂರಿಸಿ, ಆಳುಗಳು ಗೋಡೆಯ ಮರೆಯಲ್ಲಿ ನಿಂತು ಹಾರಿಸುವುದು ಆ ಪರೀಕ್ಷೆ. ಬೆಸುಗೆ ಸರಿಯಿಲ್ಲದ ನಳಿಗೆ ಅಲ್ಲೇ ಸೀಳಿಹೋಗುತ್ತಿತ್ತು. ತಾಳಿಕೊಂಡದ್ದನ್ನು ತೊಳೆದು, ಒಳಹೊರಗೆ ಕಣ್ಣಿಟ್ಟು ನೋಡಿ, ಬುಡದ ಹತ್ತಿರ ಮುದ್ರೆ ಒತ್ತುತ್ತಿದ್ದರು. ಕೊಳ್ಳುವವನ ಕೈಯಲ್ಲಿ ಸಿಡಿಯಬಾರದು ಎಂಬ ಒಂದೇ ಕಾರಣಕ್ಕೆ ಹುಟ್ಟಿದ ಈ ಪದ್ಧತಿ ಮುಂದೆ ಹಳೆಯ ಬಂದೂಕಿನ ಊರು, ಕಾಲ ಎರಡನ್ನೂ ಹೇಳುವ ಸಾಕ್ಷಿಯಾಯಿತು.

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಸೀಮೆಯಲ್ಲಿ ಈ ವಿಷಯಕ್ಕೆ ವಿಶೇಷ ಅರ್ಥವಿದೆ. ದೇಸಾಯಿ, ಇನಾಮದಾರ, ಪಾಟೀಲ ಮನೆತನಗಳ ವಾಡೆಗಳಿರುವ ನೆಲವಿದು. ಖಂಡೇಪೂಜೆಯ ದಿನ ಕತ್ತಿ, ಗುರಾಣಿಗಳ ಜೊತೆಗೆ ಹಳೆಯ ಬಂದೂಕಿಗೂ ಕುಂಕುಮ ಏರುತ್ತದೆ. ಅದರ ಬಗ್ಗೆ ಮನೆಯಲ್ಲಿ ಒಂದು ಮಾತು ಬಾಯಿಂದ ಬಾಯಿಗೆ ಬಂದಿರುತ್ತದೆ: ಪೇಶವೆಯವರು ಕೊಟ್ಟದ್ದು, ಟಿಪ್ಪುವಿನ ಕಾಲದ್ದು, ಕೊಲ್ಹಾಪುರದ ಮಹಾರಾಜರ ಬಕ್ಷೀಸು. ಕೆಲವು ಮಾತು ನಿಜವಿರಬಹುದು, ಕೆಲವು ತಲೆಮಾರು ದಾಟುವಾಗ ಬೆಳೆದಿರಬಹುದು. ಕಬ್ಬಿಣದ ಮೇಲಿನ ಗುರುತನ್ನು ಓದಿದರೆ ಎರಡನ್ನೂ ಬೇರ್ಪಡಿಸಬಹುದು.

ಗುರುತು ಹುಡುಕುವ ಮೊದಲು ಮಾಡಬೇಕಾದ ಕೆಲಸ ಒಂದಿದೆ. ಬಾಯಿಂದ ಮದ್ದು ತುಂಬುವ ಹಳೆಯ ಬಂದೂಕುಗಳಲ್ಲಿ ಅಜ್ಜನ ಕಾಲದಲ್ಲಿ ಜಡಿದ ಮದ್ದು ಹಾಗೇ ಉಳಿದಿರುವುದುಂಟು, ಅದು ಇಂದಿಗೂ ಹೊತ್ತಿಕೊಳ್ಳಬಲ್ಲದು. ಮರದ ತೆಳು ಕೋಲನ್ನು ನಳಿಗೆಯೊಳಗೆ ತಳ ಮುಟ್ಟುವವರೆಗೆ ಇಳಿಸಿ, ಬಾಯಿಯ ಮಟ್ಟಕ್ಕೆ ಗುರುತು ಮಾಡಿ, ಅದೇ ಕೋಲನ್ನು ಹೊರಗೆ ನಳಿಗೆಯ ಪಕ್ಕದಲ್ಲಿಟ್ಟು ಅಳೆಯುತ್ತಾರೆ. ಕೋಲು ಬುಡದ ಕಿವಿಯವರೆಗೆ, ಎಂದರೆ ಕಿಡಿ ಒಳಹೋಗುವ ತೂತಿನವರೆಗೆ, ಮುಟ್ಟದೆ ನಾಲ್ಕು ಬೆರಳು ಮೊದಲೇ ನಿಂತರೆ ಒಳಗೆ ಏನೋ ಇದೆ ಎಂದೇ ಅರ್ಥ. ಅದನ್ನು ತೆಗೆಯುವುದು ಲೈಸನ್ಸು ಇರುವ ಬಂದೂಕು ರಿಪೇರಿಯವರ ಕೆಲಸ, ಮನೆಯವರದಲ್ಲ.

ಮುದ್ರೆ ಸಾಮಾನ್ಯವಾಗಿ ಇರುವುದು ನಳಿಗೆಯ ಬುಡದ ಎಡಮಗ್ಗುಲಲ್ಲಿ ಅಥವಾ ಮೇಲ್ಭಾಗದಲ್ಲಿ. ನಡುವೆ ಮಡಚಿ ಕಾಡತೂಸು ಹಾಕುವ ಜೋಡುನಳಿಗೆಯಲ್ಲಾದರೆ ನಳಿಗೆಗಳನ್ನು ಬಿಚ್ಚಿ ತಿರುವಿದಾಗ ಕಾಣುವ ಸಪಾಟು ಜಾಗದಲ್ಲಿ ಸಾಲಾಗಿ ಕೂತಿರುತ್ತದೆ. ಕೆಲವಕ್ಕೆ ಮರದ ಮರೆಯಲ್ಲೂ ಮುದ್ರೆ ಇರುತ್ತದೆ. ಬೆಳಕನ್ನು ಓರೆಯಾಗಿ ಬಿಟ್ಟು ಭೂತಗನ್ನಡಿ ಹಿಡಿದರೆ ಸವೆದ ಮುದ್ರೆಯೂ ನೆರಳಿನಿಂದ ಎದ್ದು ಕಾಣುತ್ತದೆ. ಮುದ್ರೆಯ ಮೇಲೆ ತೆಳುವಾದ ಕಾಗದ ಇಟ್ಟು ಪೆನ್ಸಿಲಿನಿಂದ ತಿಕ್ಕಿ ಪಡಿಯಚ್ಚು ತೆಗೆದುಕೊಳ್ಳುವುದು ಎಲ್ಲಕ್ಕಿಂತ ಒಳ್ಳೆಯ ದಾರಿ.

ಏನೇ ಹುಡುಕಿದರೂ ಪ್ರೂಫ್ ಮುದ್ರೆ ಸಿಗದ ಬಂದೂಕುಗಳಿವೆ, ಈ ಭಾಗದ ಅತಿ ಹಳೆಯವು ಅವೇ. ಉದ್ದ ನಳಿಗೆಯ, ಉರಿಯುವ ಬತ್ತಿಯಿಂದ ಮದ್ದು ಹೊತ್ತಿಸುವ ತೋಡೇದಾರ ಬಂದೂಕನ್ನು ಇಲ್ಲಿಯ ಕಮ್ಮಾರರೇ ಕಬ್ಬಿಣದ ಪಟ್ಟಿ ಸುತ್ತಿ, ಕಾಯಿಸಿ, ಬೆಸೆದು ಮಾಡುತ್ತಿದ್ದರು. ಮರಾಠರ ಆಳ್ವಿಕೆಯಲ್ಲಿ ನಳಿಗೆ ಪರೀಕ್ಷಿಸಿ ಮುದ್ರೆ ಒತ್ತುವ ಸರ್ಕಾರಿ ಮನೆ ಇರಲಿಲ್ಲ. ಅಂಥ ಬಂದೂಕಿನ ಮೇಲೆ ಚುಕ್ಕಿ ಚುಕ್ಕಿಯಾಗಿ ಕುಟ್ಟಿದ ಅಂಕಿಗಳಿದ್ದರೆ ಅದು ಶಸ್ತ್ರಾಗಾರದ ದಾಸ್ತಾನು ಸಂಖ್ಯೆ. ಮೋಡಿ, ದೇವನಾಗರಿ ಅಥವಾ ಫಾರ್ಸಿ ಬರಹವಿದ್ದರೆ ಮಾಡಿದವನ ಇಲ್ಲವೇ ಒಡೆಯನ ಹೆಸರಿರಬಹುದು. ಮುದ್ರೆ ಇಲ್ಲದ ಮಾತ್ರಕ್ಕೆ ಬಂದೂಕು ಕೀಳಲ್ಲ. ಅದು ಈ ಮಣ್ಣಿನ ಕಮ್ಮಾರಿಕೆಯ ಕೆಲಸ ಎಂಬುದಕ್ಕೆ ಹೆಚ್ಚಿನ ಸಾರಿ ಅದೇ ಮೊದಲ ಸುಳಿವು.

ಮೈಸೂರಿನದು ಬೇರೆ ಬಗೆ. ಟಿಪ್ಪು ಸುಲ್ತಾನನ ಕಾರ್ಖಾನೆಗಳ ಬಂದೂಕಿನ ಮೇಲೆ ಹುಲಿಪಟ್ಟೆಯ ಅಲಂಕಾರ, ಅರಬ್ಬಿ ಅಕ್ಷರಗಳಲ್ಲಿ ಹೈದರ ಎಂಬ ಹೆಸರಿನ ಚಿಕ್ಕ ಮುದ್ರೆ, ಟಿಪ್ಪು ಜಾರಿಗೆ ತಂದ ಮೌಲೂದಿ ಶಕೆಯ ವರ್ಷ ಇರುತ್ತವೆ. ಅಂಥದೊಂದು ಕೃಷ್ಣಾ ತೀರದಲ್ಲಿ ಸಿಕ್ಕರೆ ಅಚ್ಚರಿಪಡಬೇಕಿಲ್ಲ. ಮರಾಠಾ ಸರದಾರ ಪರಶುರಾಮಭಾವು ಪಟವರ್ಧನ 1790ರಿಂದ 1792ರವರೆಗೆ ಟಿಪ್ಪುವಿನ ಮೇಲೆ ದಂಡೆತ್ತಿ ಹೋಗಿ, ಧಾರವಾಡದ ಮುತ್ತಿಗೆ ಮುಗಿಸಿ, ಶ್ರೀರಂಗಪಟ್ಟಣದವರೆಗೆ ಮುಟ್ಟಿದ್ದ. ಇಂದಿನ ಕಾಗವಾಡ ತಾಲ್ಲೂಕಿನ ಶೇಡಬಾಳ ಅದೇ ಪಟವರ್ಧನ ಮನೆತನದ ಒಂದು ಶಾಖೆಯ ಜಹಗೀರಾಗಿತ್ತು. ಆದರೆ ಈ ಗುರುತುಗಳಲ್ಲಿ ಒಂದೂ ಇಲ್ಲದ ಬಂದೂಕನ್ನು ಬರೀ ಬಾಯಿಮಾತಿನ ಮೇಲೆ ಟಿಪ್ಪುವಿನದೆಂದು ಒಪ್ಪಲಾಗದು.

ವಾಡೆಗಳಲ್ಲಿ ಹೆಚ್ಚಾಗಿ ಸಿಗುವ ಮುದ್ರೆಗಳು ವಿಲಾಯತಿಯವು, ಅದರಲ್ಲೂ ಈಸ್ಟ್ ಇಂಡಿಯಾ ಕಂಪನಿಯವು. ಚಕಮಕಿ ಕಲ್ಲಿನ ಬಂದೂಕಿನಲ್ಲಿ ಕಲ್ಲು ಕಚ್ಚಿಕೊಂಡು ಬಡಿಯುವ ಕುದುರೆ ಕೂತಿರುವ ಕಬ್ಬಿಣದ ತಟ್ಟೆಯನ್ನು ನೋಡಬೇಕು. ನಾಲ್ಕು ಭಾಗ ಮಾಡಿದ ಹೃದಯದ ಆಕಾರ, ಒಳಗೆ ವಿ, ಇ, ಐ, ಸಿ ಎಂಬ ಇಂಗ್ಲಿಷ್ ಅಕ್ಷರಗಳಿದ್ದರೆ ಅದು ಕಂಪನಿಯ ಗುರುತು. ಅಲ್ಲಿರುವ ವಿ ಹಳೆಯ ಬರವಣಿಗೆಯ ಯು. ಯುನೈಟೆಡ್ ಎಂಬುದರ ಮೊದಲಕ್ಷರ. 1808ರಿಂದ ಹೃದಯದ ಜಾಗಕ್ಕೆ ಹಿಂಗಾಲ ಮೇಲೆ ನಿಂತು ಕಿರೀಟ ಹಿಡಿದ ಸಿಂಹ ಬಂತು. ಹಾಗಾಗಿ ಹೃದಯವೋ ಸಿಂಹವೋ ಎಂದು ನೋಡಿದರೆ ಸಾಕು, ಬಂದೂಕು ಆ ವರ್ಷಕ್ಕಿಂತ ಮೊದಲಿನದೋ ನಂತರದ್ದೋ ಎಂಬ ಅಂದಾಜು ಸಿಗುತ್ತದೆ. ಇವು ಒಡೆತನದ ಗುರುತುಗಳು, ಪ್ರೂಫ್ ಮುದ್ರೆಯಲ್ಲ. ನಳಿಗೆಯ ಮೇಲಿನ ಪರೀಕ್ಷೆಯ ಮುದ್ರೆಯನ್ನು ಬೇರೆಯಾಗಿಯೇ ಹುಡುಕಬೇಕು.

ಕಂಪನಿಯ ಬಂದೂಕು ಈ ಸೀಮೆಗೆ ಬಂದದ್ದಕ್ಕೆ ಇತಿಹಾಸದಲ್ಲಿ ಬೇಕಾದಷ್ಟು ದಾರಿಗಳಿವೆ. ನಿಪ್ಪಾಣಿಯ ಸಿಧೋಜಿರಾವ ನಿಂಬಾಳಕರ, ಎಂದರೆ ಅಪ್ಪಾ ದೇಸಾಯಿ, 1803ರ ಯುದ್ಧದಲ್ಲಿ ಇಂಗ್ಲಿಷ್ ಸೇನಾಪತಿ ಆರ್ಥರ್ ವೆಲ್ಲೆಸ್ಲಿಯ ಜೊತೆ ತನ್ನ ಕುದುರೆ ಸೈನ್ಯ ಸಮೇತ ಇದ್ದ. ಚಿಕ್ಕೋಡಿ, ಮನೋಳಿ ಸೀಮೆಗಾಗಿ ನಿಪ್ಪಾಣಿಗೂ ಕೊಲ್ಹಾಪುರಕ್ಕೂ ದೀರ್ಘ ಕಲಹ ನಡೆಯಿತು. 1818ರಲ್ಲಿ ಕಂಪನಿಯ ಜನರಲ್ ಮನ್ರೋ ಬೆಳಗಾವಿ ಕೋಟೆ ಹಿಡಿದ. 1841ರಲ್ಲಿ ಅರಬ ಸಿಪಾಯಿಗಳ ವಶವಾಗಿದ್ದ ನಿಪ್ಪಾಣಿ ಕೋಟೆಯನ್ನು ಕಂಪನಿ ಸೈನ್ಯ ಮುತ್ತಿ ಗೆದ್ದುಕೊಂಡಿತು. ಇಂಥ ಪ್ರತಿ ಕದನದ ನಂತರವೂ ಹತಾರಗಳು ಕೈ ಬದಲಾಯಿಸುತ್ತವೆ.

1858ರಲ್ಲಿ ಆಡಳಿತ ಕಂಪನಿಯಿಂದ ರಾಣಿಗೆ ಹೋದ ಮೇಲೆ ಸೈನ್ಯದ ಬಂದೂಕಿನ ಮೇಲೆ ಸಿಂಹ ಹೋಗಿ ಕಿರೀಟ, ಅದರ ಕೆಳಗೆ ವಿ.ಆರ್. ಎಂಬ ಅಕ್ಷರಗಳು ಬಂದವು. ತಟ್ಟೆಯ ಮೇಲೆ ಟವರ್ ಎಂಬ ಇಂಗ್ಲಿಷ್ ಪದ, ಇಸವಿ ಇರುತ್ತವೆ. ಟವರ್ ಎಂದರೆ ಲಂಡನ್ನಿನ ಕೋಟೆ, ಸರ್ಕಾರಿ ಶಸ್ತ್ರಾಗಾರ. ಅದು ಯಾವ ಕಾರ್ಖಾನೆಯ ಹೆಸರೂ ಅಲ್ಲ. ಸರ್ಕಾರಿ ಒಡೆತನಕ್ಕೆ ಅಗಲ ಮೊನೆಯ ಬಾಣದ ಗುರುತು ಇರುತ್ತದೆ. ಎರಡು ಬಾಣಗಳು ಮೊನೆಗೆ ಮೊನೆ ತಾಗಿಸಿ ಎದುರುಬದುರಾಗಿದ್ದರೆ ಆ ಬಂದೂಕನ್ನು ಸೈನ್ಯದ ಲೆಕ್ಕದಿಂದ ತೆಗೆದು ಮಾರಲಾಗಿದೆ ಎಂದರ್ಥ. ಮನೆತನದ ಪಾಲಿಗೆ ಈ ಎದುರುಬದುರು ಬಾಣ ಬಲು ಮುಖ್ಯವಾದ ಗುರುತು. ಬಂದೂಕು ಲೂಟಿಯದೋ ಖರೀದಿಯದೋ ಎಂಬ ಹಳೆಯ ಪ್ರಶ್ನೆಗೆ ಅದು ಉತ್ತರ ಕೊಡಬಲ್ಲದು. ನಳಿಗೆಯ ಒಳಗನ್ನೂ ನೋಡಬೇಕು. 1857ರ ದಂಗೆಯ ನಂತರ ದೇಶೀಯ ಸಿಪಾಯಿಗಳಿಗೆ ಎನ್‌ಫೀಲ್ಡ್ ಹೋಲುವ, ಆದರೆ ಒಳಗೆ ಸುರುಳಿಗೀರು ಇಲ್ಲದ ಬಂದೂಕು ಕೊಟ್ಟರು. ಅದರ ಗುಂಡು ದೂರಕ್ಕೆ ಗುರಿ ಹಿಡಿದು ಹೋಗುತ್ತಿರಲಿಲ್ಲ. ಆಳುವವರ ಅಪನಂಬಿಕೆಯನ್ನು ಇಷ್ಟು ಸ್ಪಷ್ಟವಾಗಿ ತೋರಿಸುವ ವಸ್ತು ಬೇರೆ ಸಿಗುವುದು ಕಷ್ಟ.

ಖಾಸಗಿ ಬೇಟೆ ಬಂದೂಕುಗಳ ಮೇಲೆ ಪ್ರೂಫ್ ಮುದ್ರೆ ಪೂರ್ಣ ರೂಪದಲ್ಲಿ ಕಾಣಸಿಗುತ್ತದೆ. ಲಂಡನ್ನಿನ ಬಂದೂಕು ತಯಾರಕರ ಸಂಘಕ್ಕೆ 1637ರಲ್ಲಿ ರಾಜಸನದು ಸಿಕ್ಕಿತು. ಅವರ ಮುದ್ರೆ ಎರಡು: ಕಿರೀಟದ ಕೆಳಗೆ ವಿ ಅಕ್ಷರ, ಕಣ್ಣಿನಿಂದ ನೋಡಿ ಒಪ್ಪಿದ್ದಕ್ಕೆ, ಕಿರೀಟದ ಕೆಳಗೆ ಹೆಣೆದುಕೊಂಡ ಜಿ, ಪಿ ಅಕ್ಷರಗಳು, ಹಾರಿಸಿ ಒಪ್ಪಿದ್ದಕ್ಕೆ. ಬರ್ಮಿಂಗ್‌ಹ್ಯಾಮಿನ ಪ್ರೂಫ್ ಮನೆ 1813ರ ಕಾಯಿದೆಯಿಂದ ಹುಟ್ಟಿತು. ಅದರ ಗುರುತು ಕಿರೀಟದ ಕೆಳಗೆ ಒಂದರ ಮೇಲೊಂದು ಓರೆಯಾಗಿಟ್ಟ ಎರಡು ರಾಜದಂಡಗಳು. ಒಂದು ಮುದ್ರೆಯಲ್ಲಿ ಅವುಗಳ ಸಂದಿನಲ್ಲಿ ವಿ, ಇನ್ನೊಂದರಲ್ಲಿ ಬಿ, ಪಿ, ಸಿ. 1904ರಲ್ಲಿ ನಿಯಮ ಬದಲಾಗಿ ರಾಜದಂಡಗಳು ಹೋದವು. ಕಿರೀಟದ ಕೆಳಗೆ ಬಿ.ವಿ., ಬಿ.ಪಿ., ಎನ್.ಪಿ. ಎಂಬ ಜೋಡಿ ಅಕ್ಷರಗಳು ಬಂದವು. ರಾಜದಂಡವಿದ್ದರೆ 1904ಕ್ಕಿಂತ ಹಿಂದಿನದು, ಇಷ್ಟು ನೆನಪಿಟ್ಟರೂ ಸಾಕು.

ಮುದ್ರೆಯ ಪಕ್ಕದ ಅಂಕಿ ಅನೇಕರನ್ನು ಗೊಂದಲಕ್ಕೆ ಕೆಡವುತ್ತದೆ. 12 ಎಂದರೆ ಒಂದು ಪೌಂಡ್ ಸೀಸವನ್ನು ಹನ್ನೆರಡು ಸಮ ಗುಂಡುಗಳಾಗಿ ಎರಕ ಹೊಯ್ದಾಗ ಒಂದು ಗುಂಡು ಎಷ್ಟು ದಪ್ಪವೋ ಅಷ್ಟು ಅಗಲದ ನಳಿಗೆ, ಸುಮಾರು 18.5 ಮಿಲಿಮೀಟರ್. ಅಂಕಿ ದೊಡ್ಡದಾದಷ್ಟು ನಳಿಗೆ ಕಿರಿದು. ಹನ್ನೆರಡು ಬೋರಿನ ಬಂದೂಕಿನ ಮೇಲೆ 13 ಎಂದಿದ್ದರೆ ತಪ್ಪಲ್ಲ: ಪರೀಕ್ಷೆಯ ದಿನ ನಳಿಗೆ ಪೂರ್ಣ 12ರ ಅಳತೆಗೆ ಕೂದಲೆಳೆಯಷ್ಟು ಕಡಿಮೆ ಇತ್ತು ಎಂದಷ್ಟೇ. ಇಂದು ಅಳೆದಾಗ ಮುದ್ರೆಯ ಅಂಕಿಗಿಂತ ಸಾಕಷ್ಟು ಅಗಲ ಬಂದರೆ ಒಳಗೋಡೆ ಸವೆದು ತೆಳುವಾಗಿದೆ, ಆ ಮುದ್ರೆಗೆ ಬೆಲೆ ಉಳಿದಿಲ್ಲ. ಇಂಗ್ಲಿಷಿನಲ್ಲಿ ಗುಂಡಿಗಲ್ಲ ಎಂಬ ಅರ್ಥದ ಬರಹವಿದ್ದರೆ 1875ರಿಂದ 1887ರ ನಡುವಿನದು. ಬಾಯಿ ಕಿರಿದಾದ ನಳಿಗೆಗೆ ಒಂಟಿ ಗುಂಡು ಹಾಕಬಾರದು, ಚರೆ ಮಾತ್ರ ಎಂಬ ಎಚ್ಚರಿಕೆ. ವಜ್ರದಾಕಾರದ ಚೌಕದೊಳಗೆ 12, ಸಿ ಎಂದಿದ್ದರೆ 1887ರಿಂದೀಚಿನದು.

ಜೋಡುನಳಿಗೆಯ ಪಟ್ಟಿಯ ಮೇಲೆ ಕಲ್ಕತ್ತೆಯ ಮ್ಯಾಂಟನ್, ರೋಡಾ, ಲಯನ್ ಆಂಡ್ ಲಯನ್ ಅಂಗಡಿಗಳ ಹೆಸರು ಕೆತ್ತಿರುವುದುಂಟು. ಅವು ಮಾರಿದವರ ಹೆಸರುಗಳು. ನಳಿಗೆಯನ್ನು ತಿರುವಿದರೆ ಬರ್ಮಿಂಗ್‌ಹ್ಯಾಮಿನ ಮುದ್ರೆ ಕಾಣಬಹುದು. ಇಂಗ್ಲಿಷಿನಂತೆ ಕೇಳುವ ಹೆಸರಿದ್ದು, ಕೆಳಗೆ ಅಂಡಾಕಾರದೊಳಗೆ ಇ.ಎಲ್.ಜಿ. ಅಕ್ಷರಗಳು, ಒಂದು ನಕ್ಷತ್ರ ಇದ್ದರೆ ಬಂದೂಕು ಬೆಲ್ಜಿಯಮ್ಮಿನ ಲಿಯೇಜ್ ಪಟ್ಟಣದಲ್ಲಿ ಪರೀಕ್ಷೆಯಾದದ್ದು. ಅಂಡಾಕಾರದ ಮೇಲೆ ಕಿರೀಟವಿದ್ದರೆ 1893ರ ನಂತರದ್ದು. ಸೋವಿ ಬೆಲೆಯ ಬೆಲ್ಜಿಯಂ ಬಂದೂಕು ಇಂಗ್ಲಿಷ್ ಹೆಸರು ಹೊತ್ತು ಲೋಕದ ಮಾರುಕಟ್ಟೆಗೆಲ್ಲ ಹೋಗುತ್ತಿತ್ತು. ಕೆತ್ತಿದ ಹೆಸರಿಗಿಂತ ಒತ್ತಿದ ಮುದ್ರೆಯನ್ನು ನಂಬುವುದು ಈ ಕಾರಣಕ್ಕೆ. ಮುದ್ರೆಯನ್ನೂ ನಕಲು ಮಾಡಿದವರಿದ್ದಾರೆ. ವಾಯವ್ಯ ಗಡಿಯ ಗುಡ್ಡಗಾಡಿನ ಕಮ್ಮಾರರು ಇಂಗ್ಲಿಷ್ ಬಾರದೆ ಕೆತ್ತಿದ ಎನ್‌ಫೀಲ್ಡ್ ಪದದಲ್ಲಿ ಎನ್ ಅಕ್ಷರ ಕನ್ನಡಿಯಲ್ಲಿ ಕಂಡಂತೆ ತಿರುಗಿರುವುದು ಹೆಸರಾಂತ ಉದಾಹರಣೆ.

ಮುದ್ರೆ ಇದೆ ಎಂದು ಹಳೆಯ ಬಂದೂಕನ್ನು ಹಾರಿಸುವಂತಿಲ್ಲ. ಮುದ್ರೆ ಹೇಳುವುದು ಒತ್ತಿದ ದಿನದ ಗಟ್ಟಿತನವನ್ನು. ಕಪ್ಪು ಮದ್ದಿಗೆಂದು ಪರೀಕ್ಷೆಯಾದ, ಸುರುಳಿ ಸುತ್ತಿ ಬೆಸೆದ ನಳಿಗೆಗೆ ಇಂದಿನ ಕಾಡತೂಸು ಹಾಕಿದರೆ ಅದು ಹಾರಿಸಿದವನ ಕೈಯಲ್ಲೇ ಸೀಳಬಹುದು.

ಕಾನೂನಿನ ಮಾತೂ ಇಲ್ಲಿ ಸೇರಬೇಕು. ಈ ನೆಲಕ್ಕೆ ಹತಾರದ ಕಾನೂನು ಹೊಸತಲ್ಲ. ರಾಯಬಾಗಕ್ಕೆ ಬಹಳ ದೂರವಲ್ಲದ ಮುಧೋಳ ಸೀಮೆಯ ಹಲಗಲಿಯ ಬೇಡರು 1857ರಲ್ಲಿ ಹತಾರ ಒಪ್ಪಿಸಲಾರೆವೆಂದು ಪ್ರಾಣ ತೆತ್ತರು. ಆಗ ಅಥಣಿ, ಚಿಕ್ಕೋಡಿ ಬ್ರಿಟಿಷರ ಕೈಯಲ್ಲಿದ್ದವು, ರಾಯಬಾಗ ಕೊಲ್ಹಾಪುರ ಸಂಸ್ಥಾನದಲ್ಲಿತ್ತು. ಹಾಗಾಗಿ ಪಕ್ಕಪಕ್ಕದ ಊರಿನ ಬಂದೂಕುಗಳ ಕಾಗದಪತ್ರವೂ ಬೇರೆ ಬೇರೆ ದಫ್ತರದಲ್ಲಿ ಸಿಗಬಹುದು. ಇಂದು ಎಲ್ಲಕ್ಕೂ 1959ರ ಆಯುಧ ಕಾಯಿದೆಯೇ ಅನ್ವಯ. ರಿಪೇರಿ ಮಾಡಿದರೂ ಹಾರದಂಥ, ಕಾಲಬಾಹಿರವಾದ ಅಥವಾ ಪುರಾತನ ಬಂದೂಕಿಗೆ ಆ ಕಾಯಿದೆ ವಿನಾಯಿತಿ ಕೊಡುತ್ತದೆ. ಹಾರಬಲ್ಲದ್ದಾದರೆ ವಯಸ್ಸಾಗಿದೆ ಎಂಬ ನೆಪ ಸಾಲದು. ಎರಡರಲ್ಲಿ ಯಾವುದು ಎಂಬ ತೀರ್ಮಾನವನ್ನು ಮನೆಯವರು ತಾವೇ ಮಾಡಿಕೊಳ್ಳದೆ ಠಾಣೆಯಲ್ಲಿ, ಜಿಲ್ಲಾಧಿಕಾರಿಗಳ ಕಚೇರಿಯಲ್ಲಿ ಕೇಳಿ ಬರಹದಲ್ಲಿ ಪಡೆಯಬೇಕು. ಅದೇ ಕಾಯಿದೆಯ 8ನೇ ಕಲಮಿನ ಪ್ರಕಾರ ಬಂದೂಕಿನ ಮೇಲಿನ ಹೆಸರು, ಸಂಖ್ಯೆ, ಗುರುತನ್ನು ಅಳಿಸುವುದು, ತಿದ್ದುವುದು ಅಪರಾಧ.

ಕಳ್ಳತನದಿಂದ ಅಳಿಸುವವರು ಕೆಲವರು. ಭಕ್ತಿಯಿಂದ ಅಳಿಸುವವರು ಅವರಿಗಿಂತ ಹೆಚ್ಚು. ಖಂಡೇಪೂಜೆಯ ಹಿಂದಿನ ದಿನ ಉಸುಕಿನ ಕಾಗದದಿಂದಲೋ ಇಟ್ಟಿಗೆ ಪುಡಿಯಿಂದಲೋ ನಳಿಗೆ ಬೆಳ್ಳಗಾಗುವಂತೆ ತಿಕ್ಕುವಾಗ ಕೂದಲೆಳೆಯಷ್ಟು ಆಳದ ಸಿಂಹ, ಕಿರೀಟ, ಅಂಕಿಗಳು ವರ್ಷವರ್ಷವೂ ಸವೆಯುತ್ತವೆ. ಆ ಬಂದೂಕಿಗೆ ಬೇಕಾದದ್ದು ಒಣ ಅರಿವೆಯಿಂದ ಒರೆಸಿ, ತೆಳುವಾಗಿ ಎಣ್ಣೆ ಸವರುವುದು ಮಾತ್ರ. ಕುಂಕುಮವನ್ನು ಮರದ ಹಿಡಿಗೆ ಹಚ್ಚಿ, ನಳಿಗೆಯ ಬುಡವನ್ನು ಹಾಗೇ ಬಿಡಿ. ಈ ಸಾರಿಯ ಪೂಜೆಗೆ ಮೊದಲು ಮುದ್ರೆಗಳ ಫೋಟೋ ತೆಗೆದು, ಮನೆಯ ಹಿರಿಯರು ಹೇಳುವ ಮಾತನ್ನು ಅದರ ಜೊತೆಗೇ ಬರೆದಿಡಿ.