ಭಜಿ ಕರಿದ ಎಣ್ಣೆ, ಇಲಿಯ ರಕ್ತದೊತ್ತಡ

ನಮ್ಮೂರ ಭಜಿ ಅಂಗಡಿಯಲ್ಲಿ ಬೆಳಗ್ಗೆ ಕಾಸಿದ ಎಣ್ಣೆಯಲ್ಲೇ ಸಂಜೆವರೆಗೂ ಕರಿಯುತ್ತಾರೆ. ಇಂಥ ಎಣ್ಣೆ ತಿನ್ನಿಸಿದ ಇಲಿಗಳಿಗೆ ಕಾಯಿಲೆ ಬರುತ್ತದಂತೆ, ಯಾಕೆ? (ಓದುಗರೊಬ್ಬರು, ಕಾಗವಾಡ)

ಬರುವುದು ನಿಜ. ಮಲೇಷ್ಯಾದ ಸಂಶೋಧಕರು ಸೋಯಾ ಮತ್ತು ತಾಳೆ ಎಣ್ಣೆಗಳಲ್ಲಿ ಗೆಣಸು ಕರಿದರು. ಅದೇ ಎಣ್ಣೆಯನ್ನು ಐದು ಸಲ ಕಾಸಿ ಇಲಿಗಳ ಆಹಾರಕ್ಕೆ ಬೆರೆಸಿ ತಿಂಗಳುಗಟ್ಟಲೆ ಕೊಟ್ಟರು. ಆ ಇಲಿಗಳ ರಕ್ತದೊತ್ತಡ ಏರಿತು.

ಬಾಣಲೆಯಲ್ಲಿ ಸುಮಾರು 180 ಡಿಗ್ರಿ ಕಾವು, ಮೇಲೆ ಗಾಳಿಯ ಆಮ್ಲಜನಕ, ಮೆಣಸಿನಕಾಯಿ ಬಿಡುವ ನೀರು. ಇವು ಸೇರಿದರೆ ಎಣ್ಣೆಯ ಅಣುಗಳ ಪಾಡು ಬಿಸಿಲು ಮಳೆಗೆ ಜೀರ್ಣವಾದ ಹಗ್ಗದಂತೆ: ಕೆಲವು ಎಳೆ ತುಂಡಾಗುತ್ತವೆ, ಕೆಲವು ಸಿಕ್ಕುಗಟ್ಟುತ್ತವೆ. ತುಂಡುಗಳಲ್ಲಿ ಆಲ್ಡಿಹೈಡ್‌ಗಳಿವೆ, ಮೂಗಿಗೆ ಬಡಿಯುವ ಕಮಟು ಅವುಗಳದೇ. ಸಿಕ್ಕುಗಳಿಂದ ಎಣ್ಣೆ ಮಂದವಾಗಿ ನೊರೆ ಏಳುತ್ತದೆ. ಅದನ್ನು ಕಾಯುತ್ತಿದ್ದ ವಿಟಮಿನ್ ಇ ಅಷ್ಟರಲ್ಲಿ ನಾಶವಾಗಿರುತ್ತದೆ.

ರಕ್ತನಾಳದ ಒಳಪದರ ನೈಟ್ರಿಕ್ ಆಕ್ಸೈಡ್ ಬಿಟ್ಟರೆ ನಾಳ ಸಡಿಲವಾಗುತ್ತದೆ. ಕೆಟ್ಟ ಎಣ್ಣೆಯ ಅಂಶಗಳು ಆ ಪದರವನ್ನೇ ಕೆಡಿಸುವುದರಿಂದ ನಾಳ ಬಿಗಿಯಾಗಿಯೇ ಉಳಿದು ಒತ್ತಡ ಹೆಚ್ಚುತ್ತದೆ. ವಿಷ ತೆಗೆಯುವ ಭಾರ ಹೊತ್ತ ಯಕೃತ್ತಿಗೂ ಪೆಟ್ಟು. ಇಲಿಗಳು ಇದನ್ನು ದಿನಾ ತಿಂದಿದ್ದವು ಅನ್ನಿ. ವಾರಕ್ಕೊಂದು ಪ್ಲೇಟ್ ಮಿರ್ಚಿಗೆ ಅಷ್ಟು ಗಾಬರಿ ಬೇಡ.

ನಮ್ಮ ಕಡೆಯ ಕುಸುಬಿ ಎಣ್ಣೆ ಒಗ್ಗರಣೆಗೆ ಬಲು ರುಚಿ. ಆದರೆ ಲಿನೋಲಿಕ್ ಆಮ್ಲ ಹೆಚ್ಚಿರುವುದರಿಂದ ಮತ್ತೆ ಮತ್ತೆ ಕಾಸಿದರೆ ಶೇಂಗಾ ಎಣ್ಣೆಗಿಂತ ಬೇಗ ಕೆಡುತ್ತದೆ.

ಕೆಟ್ಟ ಅಂಶ, ಅಂದರೆ ಧ್ರುವೀಯ ಸಂಯುಕ್ತ, ಶೇ. 25 ದಾಟಿದ ಎಣ್ಣೆಯನ್ನು ಬಳಸಬಾರದೆಂಬ ನಿಯಮ 2018ರ ಜುಲೈ 1ರಿಂದ ದೇಶದಲ್ಲಿದೆ. ಭಜಿ ಅಂಗಡಿಯಲ್ಲಿ ಅದನ್ನು ಅಳೆಯುವವರು ಯಾರು? ಎಣ್ಣೆ ಕಪ್ಪಗಾಗಿ, ಅಂಟಂಟಾಗಿ, ಸಣ್ಣ ಕಾವಿಗೇ ಹೊಗೆಯಾಡಿದರೆ ಮುಂದಿನ ಅಂಗಡಿ ನೋಡಿ.