ಅಂಗಾಂಗ ಕಸಿ ಸಂಯೋಜಕಿ: ನಮ್ಮ ಹೆಣ್ಣುಮಕ್ಕಳು ಮಾಡಬಹುದಾದ ಒಂದು ಕೆಲಸ



ಮನೆಯ ಯಜಮಾನರ ಎರಡೂ ಕಿಡ್ನಿ ಕೆಟ್ಟಿವೆ ಅಂತ ಇಟ್ಟುಕೊಳ್ಳಿ. ವಾರಕ್ಕೆ ಎರಡು ಮೂರು ಸಲ ಡಯಾಲಿಸಿಸ್ ಮಾಡಿಸಬೇಕು. ಹೋದ ದಿನವೆಲ್ಲ ಕೂಲಿ ಹೋಯಿತು. ಹೀಗೆ ವರ್ಷ ಕಳೆದ ಮೇಲೆ ಡಾಕ್ಟರು, "ಬೇರೆ ಕಿಡ್ನಿ ಹಾಕಿದರೆ ಒಳ್ಳೇದು. ಮನೆಯಲ್ಲಿ ಯಾರಾದರೂ ಕೊಡ್ತೀರೇನು?" ಎಂದು ಕೇಳುತ್ತಾರೆ. ಆಗ ಮನೆಮಂದಿಯ ಕಣ್ಣು ಮೊದಲು ಯಾರ ಮೇಲೆ ಬೀಳುತ್ತದೆ? ಹೇಳುವುದೇ ಬೇಡ. ಹೆಂಡತಿಯ ಮೇಲೆ, ಇಲ್ಲದಿದ್ದರೆ ಹೆತ್ತ ತಾಯಿಯ ಮೇಲೆ.

ಇದು ನಮ್ಮ ಊಹೆಯಲ್ಲ. 2019ರಿಂದ 2023ರವರೆಗೆ ನಮ್ಮ ದೇಶದಲ್ಲಿ ಬದುಕಿರುವಾಗಲೇ ಅಂಗ ಕೊಟ್ಟವರಲ್ಲಿ ನೂರಕ್ಕೆ 60ಕ್ಕಿಂತ ಹೆಚ್ಚು ಮಂದಿ ಹೆಣ್ಣುಮಕ್ಕಳು. ಪಡೆದವರಲ್ಲಿ ಮಾತ್ರ ಹೆಚ್ಚಿನವರು ಗಂಡಸರು. ಪ್ರೀತಿಯಿಂದ ಕೊಟ್ಟವರು ಬಹಳ ಮಂದಿ ಇದ್ದಾರೆ, ಅವರ ತ್ಯಾಗವನ್ನು ನಾವು ಸಣ್ಣದು ಮಾಡುವುದಿಲ್ಲ. ಆದರೆ 'ಬೇಡ' ಅನ್ನಲು ಬಾಯಿ ಬಾರದೆ ಕೊಟ್ಟವರು ಎಷ್ಟು ಮಂದಿ? ಆ ಲೆಕ್ಕ ಯಾರ ನಡಾವಳಿ ಪುಸ್ತಕದಲ್ಲೂ ಬರೆದಿಲ್ಲ.

ಅದಕ್ಕೇ ಸರಕಾರ 2014ರ ನಿಯಮಗಳಲ್ಲಿ ಒಂದು ಮಾತು ಸೇರಿಸಿದೆ. ಅಂಗ ಕೊಡುವವಳು ಹೆಣ್ಣುಮಗಳಾದರೆ ಹೆಚ್ಚಿನ ಎಚ್ಚರಿಕೆ ವಹಿಸಬೇಕು. ಅವಳು ಸ್ವಂತ ಇಚ್ಛೆಯಿಂದ ಒಪ್ಪಿದ್ದಾಳೆಂದು ಅಂಗ ಪಡೆಯುವವರಲ್ಲದೆ ಬೇರೆಯವರು ಖಚಿತ ಮಾಡಬೇಕು. ಅಂದರೆ ಆ ತಾಯಿಯನ್ನು ಒಬ್ಬಳನ್ನೇ ಕೂರಿಸಿಕೊಂಡು, "ನಿನಗ ಮನಸ್ಸು ಐತೇನವ್ವಾ? ಯಾರರೆ ಒತ್ತಾಯ ಮಾಡ್ಯಾರೇನು?" ಎಂದು ಕೇಳುವವರು ಆಸ್ಪತ್ರೆಯಲ್ಲಿ ಬೇಕು. ಅವಳು 'ಇಲ್ರೀ, ನನಗ ಅಂಜಿಕಿ ಆಗ್ತದ' ಎಂದರೆ ಆ ಮಾತನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳುವವರು ಬೇಕು. ಅನೇಕ ಆಸ್ಪತ್ರೆಗಳಲ್ಲಿ ಇಂಥ ವೇಳೆ ಮನೆಯವರಿಗೆ 'ಈಕೆಯ ಕಿಡ್ನಿ ಹೊಂದುವುದಿಲ್ಲ' ಎಂದಷ್ಟೇ ಹೇಳಿ ಕಳಿಸುತ್ತಾರೆ. ಅವಳ ಸಂಸಾರ ಉಳಿಯಲಿ ಅಂತ.

ಇಂಥ ಮಾತುಕತೆ ನಡೆಸುವವರಲ್ಲಿ ಮುಖ್ಯರಾದವರೇ ಅಂಗಾಂಗ ಕಸಿ ಸಂಯೋಜಕರು. ಆಸ್ಪತ್ರೆಯಲ್ಲಿ ಅವರನ್ನು ಟ್ರಾನ್ಸ್‌ಪ್ಲಾಂಟ್ ಕೋಆರ್ಡಿನೇಟರ್ ಎನ್ನುತ್ತಾರೆ. ಹೆಸರು ಉದ್ದ ಇದೆ, ಕೆಲಸ ಇನ್ನೂ ಉದ್ದ. ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳ ನಮ್ಮ ಹೆಣ್ಣುಮಕ್ಕಳಿಗೂ ಈ ಕೆಲಸದ ಬಾಗಿಲು ತೆರೆದಿದೆ ಎಂದು ತಿಳಿಸಲು ಇದನ್ನು ಬರೆಯುತ್ತಿದ್ದೇವೆ.

ಕಾನೂನು ಏನು ಹೇಳುತ್ತದೆ?

1990ರ ಸುಮಾರಿಗೆ ಬೆಂಗಳೂರು, ಚೆನ್ನೈಯಂಥ ಊರುಗಳಲ್ಲಿ ಬಡವರ ಕಿಡ್ನಿ ಸಂತೆಯ ಮಾಲಿನಂತೆ ಮಾರಾಟವಾಗುತ್ತಿತ್ತು. ಅದನ್ನು ತಡೆಯಲು 1994ರಲ್ಲಿ ಅಂಗಾಂಗ ಕಸಿ ಕಾಯ್ದೆ ಬಂತು. 2011ರಲ್ಲಿ ತಿದ್ದುಪಡಿ ಮಾಡಿ, ಸಂಯೋಜಕರನ್ನು ನೇಮಿಸದ ಆಸ್ಪತ್ರೆಗೆ ಕಸಿ ಮಾಡಲು ನೋಂದಣಿಯೇ ಇಲ್ಲ ಎಂದು ಗಟ್ಟಿ ಮಾಡಿದರು. ಹಾಗಾಗಿ ಇದು ಆಸ್ಪತ್ರೆಯವರು ಬೇಕಾದರೆ ಇಟ್ಟುಕೊಳ್ಳುವ, ಬೇಡವಾದರೆ ಬಿಡುವ ನೌಕರಿಯಲ್ಲ.

ಇನ್ನೊಂದು ಮಾತು, ಸಂಘದಲ್ಲಿ ಓದಿ ಹೇಳಿರಿ. ಹಣ ಕೊಟ್ಟು ಅಂಗ ಪಡೆದವರಿಗೆ, ಹಣ ತೆಗೆದುಕೊಂಡು ಕೊಟ್ಟವರಿಗೆ, ನಡುವೆ ನಿಂತ ದಲ್ಲಾಳಿಗೆ, ಎಲ್ಲರಿಗೂ 5ರಿಂದ 10 ವರ್ಷ ಜೈಲು ಮತ್ತು 20 ಲಕ್ಷದಿಂದ 1 ಕೋಟಿ ರೂಪಾಯಿವರೆಗೆ ದಂಡ ಇದೆ. ಕಂಪನಿ ಸಾಲದ ಕಂತು ಕಟ್ಟಲಾಗದೆ ಕಂಗೆಟ್ಟವರ ಹತ್ತಿರವೇ ದಲ್ಲಾಳಿಗಳು ಬರುವುದು. 'ಒಂದು ಕಿಡ್ನಿ ಕೊಟ್ಟರೆ ಸಾಲ ಎಲ್ಲಾ ತೀರ್ತದ' ಅಂತ ಯಾರಾದರೂ ಅಂದರೆ ಆ ಮಾತು ಮನೆಯಲ್ಲಿ ಮುಚ್ಚಿಡಬೇಡಿರಿ. ಸಂಘಕ್ಕೆ ತನ್ನಿರಿ. ಸಾಲಕ್ಕೆ ದಾರಿ ಹುಡುಕೋಣ, ದೇಹ ಒತ್ತೆ ಇಡುವುದು ಬೇಡ.

ಸಂಯೋಜಕರ ದಿನಚರಿ

ಕಸಿಗೆ ಅಂಗ ಎರಡು ಕಡೆಯಿಂದ ಬರುತ್ತದೆ. ಒಂದು, ಮೇಲೆ ಹೇಳಿದಂತೆ ಬದುಕಿರುವ ಹತ್ತಿರದ ಸಂಬಂಧಿಕರಿಂದ. ತಂದೆ, ತಾಯಿ, ಗಂಡ, ಹೆಂಡತಿ, ಮಕ್ಕಳು, ಅಣ್ಣ-ತಮ್ಮ, ಅಕ್ಕ-ತಂಗಿ, ಅಜ್ಜ-ಅಜ್ಜಿ, ಮೊಮ್ಮಕ್ಕಳು ಇವರೆಲ್ಲ ಹತ್ತಿರದವರು. ಬೇರೆಯವರು ಕೊಡಬೇಕಾದರೆ ಸರಕಾರದ ಸಮಿತಿ ವಿಚಾರಣೆ ಮಾಡಿ ಅನುಮತಿ ಕೊಡಬೇಕು. ಎರಡನೆಯದು, ಮೆದುಳು ನಿಷ್ಕ್ರಿಯ ಆದವರಿಂದ.

ಮೆದುಳು ನಿಷ್ಕ್ರಿಯ ಅಂದರೆ ಏನು? ರಸ್ತೆ ಅಪಘಾತದಲ್ಲಿ ತಲೆಗೆ ಪೆಟ್ಟಾಗಿ ಮೆದುಳು ಪೂರ್ತಿ ಸತ್ತಿರುತ್ತದೆ. ಆದರೆ ಮೆಷಿನ್ ಉಸಿರು ಕೊಡುತ್ತಿರುವುದರಿಂದ ಎದೆ ಬಡಿಯುತ್ತಿರುತ್ತದೆ, ಮೈ ಬೆಚ್ಚಗಿರುತ್ತದೆ. ನೋಡಿದವರಿಗೆ ನಿದ್ದೆ ಮಾಡಿದಂತೆ ಕಾಣುತ್ತದೆ. ಇದು ಕೋಮಾ ಅಲ್ಲ. ಕೋಮಾದವರು ಎಚ್ಚರಾಗಬಹುದು, ಇವರು ತಿರುಗಿ ಬರುವುದಿಲ್ಲ. ನಾಲ್ಕು ಜನ ವೈದ್ಯರ ತಂಡ ಆರು ತಾಸು ಬಿಟ್ಟು ಎರಡು ಸಲ ಪರೀಕ್ಷೆ ಮಾಡಿ ಸಹಿ ಹಾಕಿದ ಮೇಲೆಯೇ ಇದನ್ನು ಸಾವು ಎಂದು ಘೋಷಿಸುತ್ತಾರೆ.

2021ರ ಜೂನ್‌ನಲ್ಲಿ ನಟ ಸಂಚಾರಿ ವಿಜಯ್ ಅವರಿಗೆ ಬೈಕ್ ಅಪಘಾತದಲ್ಲಿ ಹೀಗೇ ಆಯಿತು. ಮನೆಯವರು ಅಂಗಾಂಗ ದಾನಕ್ಕೆ ಒಪ್ಪಿದ್ದನ್ನು ನೀವು ಟಿವಿಯಲ್ಲಿ ನೋಡಿರಬಹುದು. ಅದೇ ವರ್ಷ ಅಕ್ಟೋಬರ್‌ನಲ್ಲಿ ಪುನೀತ್ ರಾಜ್‌ಕುಮಾರ್ ತೀರಿಹೋದಾಗ ಅವರ ಕಣ್ಣು ದಾನವಾಯಿತು. ಎರಡೂ ಒಂದೇ ಅಲ್ಲ. ಕಣ್ಣನ್ನು ಹೃದಯ ನಿಂತ ಮೇಲೂ, ಮನೆಯಲ್ಲಿ ತೀರಿಹೋದರೂ, ಸುಮಾರು ಆರು ತಾಸಿನೊಳಗೆ ಕೊಡಬಹುದು. ಹೃದಯ, ಲಿವರ್‌ನಂಥ ಅಂಗ ದಾನವಾಗುವುದು ಸಾಮಾನ್ಯವಾಗಿ ಐಸಿಯುದಲ್ಲಿ ಮೆದುಳು ನಿಷ್ಕ್ರಿಯ ಆದಾಗ.

ಈಗ ಆ ಐಸಿಯು ಬಾಗಿಲಲ್ಲಿ ನಿಂತ ತಾಯಿಯನ್ನು ನೆನೆಸಿಕೊಳ್ಳಿ. ಬೆಳಿಗ್ಗೆ ರೊಟ್ಟಿ ತಿಂದು ಬೈಕ್ ಮೇಲೆ ಹೋದ ಮಗ. ಅವಳ ಹತ್ತಿರ ಹೋಗಿ ಮಾತಾಡಬೇಕಾದವರು ಸಂಯೋಜಕರು. ಮೊದಲು ನೀರು ಕೊಡಬೇಕು, ಅಳಲು ಬಿಡಬೇಕು. ವೈದ್ಯರು ಹೇಳಿದ್ದು ತಿಳಿಯದಿದ್ದರೆ ನಮ್ಮ ಮಾತಿನಲ್ಲಿ ತಿಳಿಸಬೇಕು. ಅದೆಲ್ಲ ಆದ ಮೇಲೆಯೇ ದಾನದ ಮಾತು. "ಕಣ್ಣು ತೆಗೆದರೆ ಮುಂದಿನ ಜನ್ಮದಲ್ಲಿ ಕುರುಡನಾಗಿ ಹುಟ್ಟತಾನೇನ್ರಿ?", "ದೇಹ ಹರಿದು ಕೊಡ್ತೀರೇನು?", "ಮಣ್ಣಿಗೆ ಎಷ್ಟೊತ್ತಿಗೆ ಕೊಡ್ತೀರಿ?" ಇಂಥ ಪ್ರಶ್ನೆಗಳಿಗೆ ನಗದೆ, ಬೇಸರ ಮಾಡದೆ ಉತ್ತರ ಕೊಡಬೇಕು. ಮನೆಯವರು ಬೇಡ ಎಂದರೆ ಅಲ್ಲಿಗೇ ಬಿಡಬೇಕು. ಒಪ್ಪಿಸಿದ್ದಕ್ಕೆ ಲೆಕ್ಕ ಹಿಡಿಯುವ ಕೆಲಸ ಇದಲ್ಲ ಎಂಬುದು ನಮ್ಮ ಅಭಿಪ್ರಾಯ. ಆ ತಾಯಿ ಮುಂದೆ ಹತ್ತು ವರ್ಷದ ಮೇಲೂ 'ನಮಗ ಮೋಸ ಮಾಡಲಿಲ್ಲ' ಅನ್ನಬೇಕು.

ಒಪ್ಪಿದರೆ ಮುಂದೆ ಓಟ. ನಮ್ಮ ರಾಜ್ಯದಲ್ಲಿ ಅಂಗಾಂಗ ಹಂಚಿಕೆ ನೋಡಿಕೊಳ್ಳುವುದು ಸರಕಾರದ 'ಜೀವಸಾರ್ಥಕತೆ' ಸಂಸ್ಥೆ. ಅವರಿಗೆ ಸುದ್ದಿ ಮುಟ್ಟಿಸಬೇಕು. ಸರದಿ ಪಟ್ಟಿ, ರಕ್ತದ ಗುಂಪು ನೋಡಿ ಯಾರಿಗೆ ಸಲ್ಲಬೇಕೆಂದು ಅವರು ತೀರ್ಮಾನಿಸುತ್ತಾರೆ. ಅಪಘಾತದ ಕೇಸಾದರೆ ಪೊಲೀಸರ ಕಾಗದ, ಪೋಸ್ಟ್‌ಮಾರ್ಟಂ ವ್ಯವಸ್ಥೆ ಮಾಡಬೇಕು. ಹೃದಯವನ್ನು ನಾಲ್ಕರಿಂದ ಆರು ತಾಸಿನೊಳಗೆ ಇನ್ನೊಬ್ಬರಿಗೆ ಜೋಡಿಸಬೇಕು. ಕಿಡ್ನಿಗೆ ಒಂದು ದಿನದಷ್ಟು ಸಮಯ ಸಿಗುತ್ತದೆ. ರಸ್ತೆ ತೆರವು ಮಾಡಿ ಆಂಬುಲೆನ್ಸ್ ಓಡಿಸುವುದು ಈ ಕಾರಣಕ್ಕೇ. ಅಂಗ ತೆಗೆಯುವ, ಸಾಗಿಸುವ ಖರ್ಚನ್ನು ದಾನಿಯ ಮನೆಯವರ ತಲೆಗೆ ಕಟ್ಟುವಂತಿಲ್ಲ ಎಂದೂ ನಿಯಮವಿದೆ. ಕರ್ನಾಟಕದಲ್ಲಿ 2023ನೇ ವರ್ಷದಲ್ಲಿ ಹೀಗೆ ತೀರಿಹೋದ 178 ಜನರ ಅಂಗಾಂಗ ದಾನವಾಯಿತು. ಒಂದೊಂದರ ಹಿಂದೆಯೂ ಇಂಥವರ ನಿದ್ದೆಗೆಟ್ಟ ರಾತ್ರಿ ಇದೆ.

ಅಂಗ ಪಡೆದವರನ್ನು ನೋಡಿಕೊಳ್ಳುವುದೂ ಅಷ್ಟೇ ದೊಡ್ಡ ಕೆಲಸ. ಕಸಿ ಆದ ಮೇಲೆ ಹೊಸ ಕಿಡ್ನಿಯನ್ನು ಮೈ ತಿರಸ್ಕರಿಸದಂತೆ ದಿನಾ ತಪ್ಪದೆ ಮಾತ್ರೆ ತಗೋಬೇಕು. 'ಈಗ ಆರಾಮ ಆಗೇದ' ಅಂತ ಬಿಟ್ಟರೆ ಕಿಡ್ನಿ ಹೋಯಿತು. ಜೇವರ್ಗಿಯಿಂದ ಹೋಗಿ ಬೆಂಗಳೂರಿನಲ್ಲಿ ಕಸಿ ಮಾಡಿಸಿಕೊಂಡವರು ತಪಾಸಣೆಗೆ ಬಂದಿಲ್ಲ ಎಂದರೆ ಫೋನು ಮಾಡಿ ವಿಚಾರಿಸುವುದು, ಬಿಪಿಎಲ್ ಕುಟುಂಬಕ್ಕೆ ಸರಕಾರದ ಯೋಜನೆಯಲ್ಲಿ ಏನು ನೆರವು ಸಿಗುತ್ತದೆ ಎಂದು ಕಾಗದ ಮಾಡಿಸುವುದು ಎಲ್ಲವೂ ಇವರ ಪಾಲಿಗೆ ಬರುತ್ತದೆ. ನಮ್ಮ ಗಡಿ ಜನ ಸೊಲ್ಲಾಪುರಕ್ಕೆ, ಹೈದರಾಬಾದಿಗೆ ಆಸ್ಪತ್ರೆಗೆ ಹೋಗುವುದು ಹಳೆಯ ರೂಢಿ. ಅಲ್ಲಿ ಕನ್ನಡದಲ್ಲಿ, ಉರ್ದುವಿನಲ್ಲಿ, ನಮ್ಮ ಭಾಷೆಯ ಧಾಟಿಯಲ್ಲಿ ಮಾತಾಡುವವರು ಒಬ್ಬರಿದ್ದರೆ ಎಷ್ಟು ಧೈರ್ಯ ಎಂಬುದು ಹೋಗಿ ಬಂದವರಿಗೆ ಗೊತ್ತು.

ಏನು ಓದಬೇಕು?

ಇದಕ್ಕೆ ಡಾಕ್ಟರೇ ಆಗಬೇಕೆಂದಿಲ್ಲ. ವೈದ್ಯ ಪದವಿ ಆದವರು, ನರ್ಸ್ ಆದವರು, ಅಥವಾ ಯಾವುದೇ ಡಿಗ್ರಿ ಮುಗಿಸಿದವರು ಸಂಯೋಜಕರಾಗಬಹುದು ಎಂದು 2014ರ ನಿಯಮ ಹೇಳುತ್ತದೆ. ಡಿಗ್ರಿಯವರಲ್ಲಿ ಸಮಾಜಕಾರ್ಯ, ಸಮಾಜಶಾಸ್ತ್ರ, ಸಾರ್ವಜನಿಕ ಆರೋಗ್ಯದಂಥ ವಿಷಯದಲ್ಲಿ ಎಂ.ಎ., ಎಂ.ಎಸ್.ಡಬ್ಲ್ಯೂ. ಮಾಡಿದವರಿಗೆ ಆದ್ಯತೆ.

ನಮ್ಮ ಮಕ್ಕಳಿಗೆ ಎರಡು ದಾರಿ ಹತ್ತಿರ. ಪಿಯುಸಿಯಲ್ಲಿ ವಿಜ್ಞಾನ ಓದಿದ್ದರೆ ನಾಲ್ಕು ವರ್ಷದ ಬಿ.ಎಸ್ಸಿ. ನರ್ಸಿಂಗ್. ಕಲಾ ವಿಭಾಗದವರಿಗೂ ಮೂರು ವರ್ಷದ ಜಿ.ಎನ್.ಎಂ. ಇದೆ. ಇನ್ನೊಂದು, ಬಿ.ಎ. ಮುಗಿಸಿ ಎರಡು ವರ್ಷದ ಎಂ.ಎಸ್.ಡಬ್ಲ್ಯೂ. ಇದಕ್ಕೆ ದೂರ ಹೋಗಬೇಕಾಗಿಲ್ಲ. ಕಲಬುರಗಿಯಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯ ಇದೆ, ಆಳಂದ ತಾಲೂಕಿನ ಕಡಗಂಚಿಯಲ್ಲೇ ಕೇಂದ್ರೀಯ ವಿಶ್ವವಿದ್ಯಾಲಯ ಇದೆ. ಬಸ್ಸಿನಲ್ಲಿ ಹೋಗುವಾಗ ಆ ದೊಡ್ಡ ಕಟ್ಟಡ ನೋಡಿ 'ಇದು ಯಾರಿಗೋ ಇರಬೇಕು' ಅಂದುಕೊಂಡವರು ನಮ್ಮಲ್ಲಿ ಬಹಳ ಮಂದಿ. ಅದು ನಮ್ಮ ಮಕ್ಕಳಿಗೂ ಇರುವುದು.

ಓದು ಮುಗಿದ ಮೇಲೆ ಈ ಕೆಲಸದ ತರಬೇತಿ ಬೇರೆ ಪಡೆಯಬೇಕು. 1997ರಲ್ಲಿ ಚೆನ್ನೈಯಲ್ಲಿ ಶುರುವಾದ ಮೋಹನ್ ಫೌಂಡೇಶನ್ ಎಂಬ ಸೇವಾ ಸಂಸ್ಥೆ ಸಂಯೋಜಕರಿಗೆ ತರಬೇತಿ ಕೊಡುತ್ತ ಬಂದಿದೆ. ಸೇರಿಸಿಕೊಂಡ ಆಸ್ಪತ್ರೆಯೂ ತರಬೇತಿ ಕೊಡಿಸಬೇಕೆಂದು ನಿಯಮವಿದೆ.

ನರ್ಸಿಂಗ್ ಕಾಲೇಜಿಗೆ ಫೀ ಕಟ್ಟುವ ಮೊದಲು ಅದಕ್ಕೆ ನರ್ಸಿಂಗ್ ಕೌನ್ಸಿಲ್ ಮಾನ್ಯತೆ ಇದೆಯೇ ಎಂದು ನೋಡಿರಿ. ಸಂಘದಿಂದ ಸಾಲ ತೆಗೆದು ಮಾನ್ಯತೆ ಇಲ್ಲದ ಕಡೆ ಕಟ್ಟಿದರೆ ಸಾಲ ಉಳಿಯುತ್ತದೆ, ಸರ್ಟಿಫಿಕೇಟ್ ಕೆಲಸಕ್ಕೆ ಬರುವುದಿಲ್ಲ. 371 ಜೆ ಪ್ರಕಾರ ನಮ್ಮ ಭಾಗದ ಮಕ್ಕಳಿಗೆ ಸೀಟಿನಲ್ಲೂ ಸರಕಾರಿ ನೌಕರಿಯಲ್ಲೂ ಮೀಸಲಾತಿ ಇರುವುದರಿಂದ ಸಹಾಯಕ ಆಯುಕ್ತರ ಕಚೇರಿಯಿಂದ ಆ ಪ್ರಮಾಣಪತ್ರ ಮೊದಲೇ ಮಾಡಿಸಿ ಇಡಿರಿ. ಪ್ರವೇಶದ ಗದ್ದಲದಲ್ಲಿ ಓಡಾಡಿದರೆ ಸಿಗುವುದು ಕಷ್ಟ.

ಕಷ್ಟಗಳನ್ನೂ ಹೇಳಬೇಕು

ಈ ಕೆಲಸ ಹಳ್ಳಿಯಲ್ಲಿ ಸಿಗುವುದಿಲ್ಲ. ಕಸಿ ಮಾಡುವ ದೊಡ್ಡ ಆಸ್ಪತ್ರೆ ಇರುವ ಊರಿಗೆ ಹೋಗಬೇಕು. ರಾತ್ರಿ ಎರಡಕ್ಕೆ ಫೋನು ಬಂದರೂ ಏಳಬೇಕು. ಶುರುವಿನಲ್ಲಿ ಕೈತುಂಬ ಸಂಬಳ ಬರುತ್ತದೆ ಎಂದು ನಾವು ಆಸೆ ಹಚ್ಚುವುದಿಲ್ಲ, ಅದು ಆಸ್ಪತ್ರೆಯ ಮೇಲೆ, ಅನುಭವದ ಮೇಲೆ ಇರುತ್ತದೆ. ದಿನಾ ಸಾವು ನೋಡಿ ಮನಸ್ಸು ಭಾರವಾಗುತ್ತದೆ. ಮದುವೆ ಮಾಡಿಕೊಟ್ಟ ಮನೆಯವರು ಒಪ್ಪುತ್ತಾರೋ ಇಲ್ಲವೋ ಎಂಬ ಚಿಂತೆಯೂ ನಿಮ್ಮಲ್ಲಿ ಬರುತ್ತದೆ, ನಮಗೆ ಗೊತ್ತು.

ಆದರೂ ಇದನ್ನು ಸಂಘದ ತಾಯಂದಿರಿಗೇ ಹೇಳುತ್ತಿರುವುದಕ್ಕೆ ಕಾರಣವಿದೆ. ಕಂತು ಬಾಕಿ ಉಳಿಸಿದವಳ ಮನೆಗೆ ಹೋಗಿ ಜಗಳವಾಡದೆ ಮಾತಾಡಿ ಬರುವುದು, ಅವಳ ಕಷ್ಟ ಊರೆಲ್ಲ ಸಾರದೆ ಇರುವುದು, ಲೆಕ್ಕ ಪೈಸೆಗೆ ಪೈಸೆ ಬರೆದಿಡುವುದು, ಹದಿನೈದು ಜನರನ್ನು ಒಂದು ಮಾತಿಗೆ ತರುವುದು ನೀವು ವಾರ ವಾರ ಮಾಡುತ್ತಿರುವ ಕೆಲಸ. ಅದನ್ನು ನೋಡುತ್ತ ಬೆಳೆದ ಮಗಳಿಗೆ ಐಸಿಯು ಬಾಗಿಲಲ್ಲಿ ಹೇಗೆ ಮಾತಾಡಬೇಕೆಂಬುದು ಅರ್ಧ ಗೊತ್ತೇ ಇರುತ್ತದೆ.

ಪಿಯುಸಿ ಅಥವಾ ಡಿಗ್ರಿ ಮುಗಿಸಿ ಮನೆಯಲ್ಲಿ ಕುಳಿತ ಹೆಣ್ಣುಮಕ್ಕಳಿದ್ದರೆ ಅವರ ಅಂಕಪಟ್ಟಿ, ಜಾತಿ-ಆದಾಯ ಪ್ರಮಾಣಪತ್ರದ ಝೆರಾಕ್ಸ್ ತೆಗೆದುಕೊಂಡು ಮುಂದಿನ ಒಕ್ಕೂಟದ ಸಭೆಗೆ ಬನ್ನಿರಿ. ಮಗಳನ್ನೂ ಕರೆದುಕೊಂಡು ಬನ್ನಿರಿ, ಅವಳ ಮನಸ್ಸಿನಲ್ಲಿ ಏನಿದೆ ಎಂದು ಅವಳನ್ನೇ ಕೇಳೋಣ. ಅಂಗಾಂಗ ದಾನದ ಬಗ್ಗೆ ಕೇಳುವುದಿದ್ದರೆ ಕೇಂದ್ರ ಸರಕಾರದ ಉಚಿತ ದೂರವಾಣಿ 1800-11-4770.