ಅಷ್ಟಾಪದ ಮತ್ತು ಚತುರಂಗ: ಲಕ್ಷಣವಿಚಾರ

ಪ್ರಾಚೀನ ಗ್ರಂಥಗಳಲ್ಲಿ ‘ಅಷ್ಟಾಪದ’ ಎಂಬ ಪದವು ಕಂಡೊಡನೆ ಅದಕ್ಕೆ ‘ಚದುರಂಗ’ವೆಂದು ಅರ್ಥ ಬರೆಯುವ ರೂಢಿಯುಂಟು. ಈ ಅರ್ಥವು ಸರ್ವತ್ರ ಸಲ್ಲುವುದೇ ಎಂಬುದು ವಿಚಾರಾರ್ಹವಾಗಿದೆ.

ಅಷ್ಟಾಪದವೆಂದರೆ ಸಾಲಿಗೆ 8ರಂತೆ 64 ಮನೆಗಳುಳ್ಳ ಹಾಸು. 7ನೆಯ ಶತಮಾನದ ಬಾಣಭಟ್ಟನು ‘ಹರ್ಷಚರಿತ’ದಲ್ಲಿ ಈ ಎರಡು ಪದಗಳನ್ನೂ ಒಂದೇ ಶ್ಲೇಷೆಯಲ್ಲಿ ತಂದಿದ್ದಾನೆ. ಅಲ್ಲಿ ಅಷ್ಟಾಪದವು ಆಧಾರ, ಚತುರಂಗವು ಆಧೇಯ. ಹಾಸು ಬೇರೆ, ಅದರ ಮೇಲಣ ಆಟ ಬೇರೆ. ಅದೇ ಹಾಸಿನ ಮೇಲೆ ದಾಳ ಉರುಳಿಸಿಯೂ ಆಡಬಹುದು.

ಹಾಗಾದರೆ ಚತುರಂಗದಂತಹ ಕೇವಲ ಬುದ್ಧಿಕ್ರೀಡೆಗೆ ಲಕ್ಷಣವೇನು? ಚತುರಂಗಬಲದ ಹೆಸರುಳ್ಳ ಕಾಯಿಗಳೇ ಲಕ್ಷಣವೆಂದರೆ ಅತಿವ್ಯಾಪ್ತಿದೋಷ ಬರುತ್ತದೆ. ಸುಮಾರು 1030ರಲ್ಲಿ ಅಲ್‌ಬಿರೂನಿಯು ವರ್ಣಿಸಿದ ನಾಲ್ವರ ಆಟದಲ್ಲಿ ಅಂತಹ ಕಾಯಿಗಳೇ ಇದ್ದರೂ ಅವು ದಾಳದಂತೆ ನಡೆಯುತ್ತವೆ. ಉಭಯಪಕ್ಷಗಳ ಸಮಬಲವೇ ಲಕ್ಷಣವೆಂದರೆ ಅವ್ಯಾಪ್ತಿದೋಷ. ನಮ್ಮ ಹಳ್ಳಿಗಳ ಆಡು-ಹುಲಿ ಆಟದಲ್ಲಿ ಪಕ್ಷಗಳು ಸಮವಲ್ಲ, ಆದರೂ ಅದು ಬುದ್ಧಿಯಿಂದಲೇ ಗೆಲ್ಲುವ ಆಟ. ಆದುದರಿಂದ ನಿರ್ದುಷ್ಟ ಲಕ್ಷಣವು ಹೀಗಿರಬೇಕು: ದಾಳ, ಕವಡೆ ಮುಂತಾದ ಆಕಸ್ಮಿಕಕ್ಕೆ ಅವಕಾಶವಿಲ್ಲದಿರುವುದು, ಕಾಯಿಗಳ ಸ್ಥಿತಿಯೆಲ್ಲವೂ ಉಭಯರಿಗೂ ಪ್ರತ್ಯಕ್ಷವಾಗಿರುವುದು, ಜಯಾಪಜಯಗಳು ಆಟಗಾರರ ಆಯ್ಕೆಯೊಂದರಿಂದಲೇ ನಿರ್ಣೀತವಾಗುವುದು. ಆನೆ, ಕುದುರೆಗಳೆಂಬ ಹೆಸರುಗಳು ಆಗಂತುಕ; ಅವುಗಳ ಸ್ಥಾನದಲ್ಲಿ ಬಗೆಬಗೆಯ ಹರಳುಗಳನ್ನಿಟ್ಟರೂ ಆಟವು ಕೆಡದು.

ಈ ಲಕ್ಷಣದಿಂದ ನೋಡಿದರೆ ಪಗಡೆಯು ಮಿಶ್ರಕೋಟಿಗೆ ಸೇರುತ್ತದೆ. ಗರ ಬೀಳುವುದು ಆಕಸ್ಮಿಕ, ಯಾವ ಕಾಯಿ ನಡೆಸಬೇಕೆಂಬುದು ಆಯ್ಕೆ. ಜೈನ ಪರಂಪರೆಯ ಜ್ಞಾನಚೌಪಡ ಪಟಗಳಲ್ಲಿ, ಉದಾಹರಣೆಗೆ 84 ಮನೆಗಳ ಪಟದಲ್ಲಿ, ಆಯ್ಕೆಯೇ ಇಲ್ಲ. ಬಿದ್ದ ಗರದಂತೆ ಏಣಿಯೇರುವುದು, ಸರ್ಪದ ಬಾಯಿಂದ ಇಳಿಯುವುದು. ಅದು ಬೋಧನಾಪಟವೇ ಹೊರತು ಬುದ್ಧಿಕ್ರೀಡೆಯಲ್ಲ.

ಇದರಿಂದ ಆಗಮಪದವೊಂದರ ಅರ್ಥನಿರ್ಣಯಕ್ಕೆ ಸಹಾಯವಾಗುತ್ತದೆ. ಶ್ವೇತಾಂಬರ ಆಗಮವಾದ ದಶವೈಕಾಲಿಕದ 3ನೆಯ ಅಧ್ಯಯನದಲ್ಲಿ, ಮುನಿಗಳಿಗೆ ಅನಾಚೀರ್ಣವಾದವುಗಳ ನಡುವೆ ‘ಅಟ್ಠಾವಯ’ವೂ ಎಣಿಕೆಯಾಗಿದೆ. ಸೂತ್ರಕೃತಾಂಗದಲ್ಲಿಯೂ ಅದರ ನಿಷೇಧವುಂಟು. 1895ರ ಆಂಗ್ಲಾನುವಾದದಲ್ಲಿ ಹರ್ಮನ್ ಯಾಕೋಬಿಯವರು ಸೂತ್ರಕೃತಾಂಗದ ಆ ಪದಕ್ಕೆ ಚದುರಂಗವೆಂದೇ ಅರ್ಥ ಮಾಡಿದರು. ಆದರೆ ಪ್ರಾಕೃತದ ‘ಅಟ್ಠ’ವು ಸಂಸ್ಕೃತದ ‘ಅಷ್ಟ’ವೂ ಆಗಬಲ್ಲದು, ‘ಅರ್ಥ’ವೂ ಆಗಬಲ್ಲದು. ವ್ಯಾಖ್ಯಾನಪರಂಪರೆಯಲ್ಲಿ ದ್ಯೂತ, ಅರ್ಥಪದ ಎಂಬ ಎರಡು ಅರ್ಥಗಳೂ ಬಂದಿವೆ. ದಶವೈಕಾಲಿಕದಲ್ಲಿ ಅದರ ನೆರೆಯಲ್ಲಿಯೇ ‘ನಾಲಿಯ’ವೆಂಬ ದ್ಯೂತವಿಶೇಷವೂ ಬಂದಿರುವುದು ದ್ಯೂತಾರ್ಥಕ್ಕೆ ಪೋಷಕವಾಗಿದೆ. ಈ ಆಗಮಗಳಾದರೋ ಬಾಣನಿಗಿಂತ ಬಹು ಪ್ರಾಚೀನ. ಅಂತಹ ಸ್ಥಳದಲ್ಲಿ ದಾಳವಿಲ್ಲದ ಚತುರಂಗವನ್ನು ಆರೋಪಿಸಿದರೆ ಆಟದ ಇತಿಹಾಸವೂ ಕೆಡುತ್ತದೆ, ನಿಷೇಧದ ಆಶಯವೂ ಮಸುಕಾಗುತ್ತದೆ.

ಆದಕಾರಣ ಸೂಚಿಕಾರರೂ ಅನುವಾದಕರೂ ಹಾಸಿನ ಹೆಸರನ್ನಷ್ಟೇ ಕಂಡು ತೃಪ್ತರಾಗದೆ, ಆ ಸಂದರ್ಭದಲ್ಲಿ ದಾಳದ ಸೂಚನೆಯುಂಟೇ, ಕಾಯಿಗಳ ನಡೆ ಉಕ್ತವಾಗಿದೆಯೇ ಎಂದು ಪರೀಕ್ಷಿಸಬೇಕು. ಎರಡೂ ಇಲ್ಲದೆಡೆ ‘ಅಷ್ಟಾಪದ’ವನ್ನು ಅಷ್ಟಾಪದವೆಂದೇ ಉಳಿಸುವುದು ಪ್ರಾಮಾಣಿಕ ಮಾರ್ಗ.